ತಾಗಿದಲ್ಲೇ ಬಿಡಿಸು

ಸೈಟಿನ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ನಿನ್ನ ಮುಂದೆ ಈ ದೂರು ಬಂದು ನಿಂತಿದೆ. ಮೇಲಿನ ಮನೆಯವರು ಕುರ್ಚಿ ಎಳೆದರೆ ಕೆಳಗಿನವರ ನಿದ್ದೆ ಕೆಡುತ್ತದೆ, ಗೋಡೆಯನ್ನು ಇನ್ನೂ ನಾಲ್ಕಿಂಚು ದಪ್ಪ ಮಾಡಿದರೆ ಸರಿಹೋದೀತೇ ದೊಡ್ಡಪ್ಪ ಎಂದು ಕೇಳಿದ್ದೀಯ. ಸರಿಹೋಗುವುದಿಲ್ಲ ಕಣಮ್ಮ. ಆ ದುಡ್ಡು ನೀರಿಗೆ ಹಾಕಿದ ಹಾಗೆಯೇ. ಮೊದಲು ಆ ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಹುಡುಕು.

ಮಾತು, ಟಿ.ವಿ., ನಾಯಿಯ ಬೊಗಳು ಇವೆಲ್ಲ ಗಾಳಿಯಲ್ಲಿ ಬಂದು ಗೋಡೆಗೆ ಬಡಿಯುವ ಸದ್ದುಗಳು. ಇವಕ್ಕೆ ಗೋಡೆಯ ತೂಕವೇ ಮದ್ದು. ತೂಕ ಎರಡರಷ್ಟಾದರೆ ಐದಾರು ಡೆಸಿಬೆಲ್ ತಗ್ಗುತ್ತದೆ. ಬಾಗಿಲ ಕೆಳಗಿನ ಸಂದು, ಪೈಪು ಹಾದ ತೂತು ಮುಚ್ಚಿದರೆ ಇನ್ನಷ್ಟು ತಗ್ಗುತ್ತದೆ. ಹೆಜ್ಜೆ, ಕೈಜಾರಿದ ಲೋಟ, ಡ್ರಿಲ್ಲಿಂಗ್ ಮೆಷಿನ್ನು, ಗ್ರೈಂಡರು, ಪಂಪು, ಇವುಗಳ ಕಥೆಯೇ ಬೇರೆ. ಇವು ಕಟ್ಟಡವನ್ನೇ ನೇರವಾಗಿ ಅದುರಿಸುತ್ತವೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವ ಸದ್ದು ಕಾಂಕ್ರೀಟಿನೊಳಗೆ 3000 ಮೀಟರಿಗೂ ಮೀರಿ ಓಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಕಾಂಕ್ರೀಟು ಆ ಅದುರನ್ನು ತನ್ನಲ್ಲಿ ಹೆಚ್ಚು ಇಂಗಿಸಿಕೊಳ್ಳುವುದಿಲ್ಲ. ಸ್ಲ್ಯಾಬಿನಿಂದ ಬೀಮು, ಬೀಮಿನಿಂದ ಕಂಬ, ಕಂಬದಿಂದ ಗೋಡೆ ಎಂದು ದಾಟಿಸುತ್ತಾ ಹೋಗಿ ಇನ್ನಾರದೋ ಮಲಗುವ ಕೋಣೆಯ ಗೋಡೆಯಿಂದ ಮತ್ತೆ ಗಾಳಿಗೆ ಬಿಡುತ್ತದೆ. ನೀವು ಈಗ ಬೆಂಗಳೂರಿನಲ್ಲಿ ಮಿವಾನ್ ಅಚ್ಚಿನಲ್ಲಿ ಗೋಡೆ, ಸ್ಲ್ಯಾಬು ಎರಡನ್ನೂ ಒಟ್ಟಿಗೆ ಸುರಿದು ಕಟ್ಟುತ್ತಿದ್ದೀರಲ್ಲ, ಅಲ್ಲಿ ಇಡೀ ಕಟ್ಟಡ ಒಂದೇ ಕಲ್ಲು. ಎರಡನೇ ಮಹಡಿಯಲ್ಲಿ ಡ್ರಿಲ್ ಇಟ್ಟರೆ ಆರನೇ ಮಹಡಿಯವರು ಪಕ್ಕದ ಮನೆ ಎಂದುಕೊಳ್ಳುವುದು ಇದಕ್ಕೇ.

ಹಾಗಾಗಿ ದೂರು ಬಂದ ಮನೆಗೆ ರಾತ್ರಿ ಹೊತ್ತು ನೀನೇ ಹೋಗು. ಗೋಡೆಗೆ ಕಿವಿಯಿಟ್ಟು ಕೇಳು, ಅಂಗೈಯಿಟ್ಟು ನೋಡು. ಮೇಲಿನವರನ್ನು ವಿನಯದಿಂದ ಕೇಳಿಕೊಂಡು ಅವರ ನೆಲದ ಮೇಲೆ ಒಂದು ಹತ್ತಿಯ ಹಾಸಿಗೆ ಹಾಸಿ, ಅದರ ಮೇಲೆ ಓಡಾಡಲು ಹೇಳು. ಕೆಳಗೆ ಸದ್ದು ನಿಂತುಬಿಟ್ಟರೆ ರೋಗ ಗೊತ್ತಾಯಿತು. ಪಂಪಿನ ಮೇಲೆ ಅನುಮಾನವಿದ್ದರೆ ಒಂದೊಂದನ್ನೇ ಆರಿಸಿ ನೋಡು. ಇಷ್ಟು ಮಾಡದೆ ಸಾಮಾನಿಗೆ ಆರ್ಡರ್ ಕೊಡಬೇಡ.

ಹೆಜ್ಜೆ ಸದ್ದಿಗೆ ನಿಜವಾದ ಪರಿಹಾರ ಸ್ಲ್ಯಾಬಿಗೆ ಅಂಟದ, ತೇಲುವ ನೆಲ. ಸ್ಲ್ಯಾಬಿನ ಮೇಲೆ ರಬ್ಬರ್ ಹಾಳೆಯನ್ನೋ ಒತ್ತಾದ ರಾಕ್‌ವೂಲ್ ಹಲಗೆಯನ್ನೋ ಹಾಸಿ, ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿ, ಅದರ ಮೇಲೆ 50 ಮಿಲಿಮೀಟರಿನಷ್ಟು ಕಾಂಕ್ರೀಟು ಸುರಿದು ಟೈಲ್ಸ್ ಕೂರಿಸುವುದು. ಕೇಳಲು ಸುಲಭ. ಕೆಡುವುದು ಅಂಚಿನಲ್ಲಿ. ಈ ಮೇಲಿನ ಕಾಂಕ್ರೀಟು ಕೆಳಗೂ ತಾಗಬಾರದು, ಸುತ್ತ ಯಾವ ಗೋಡೆಗೂ ತಾಗಬಾರದು. ಸುತ್ತಲೂ ಮೆತ್ತನೆಯ ಪಟ್ಟಿ ನಿಲ್ಲಿಸಬೇಕು, ಆ ಪಟ್ಟಿ ಟೈಲ್ಸ್ ಮಟ್ಟಕ್ಕಿಂತ ಮೇಲೇ ಇರಬೇಕು, ಸ್ಕರ್ಟಿಂಗ್ ಮುಗಿಯುವವರೆಗೆ ಅದನ್ನು ಕತ್ತರಿಸಬಾರದು. ನಮ್ಮ ಗಾರೆಯವರಿಗೆ ಸಂದು ಕಂಡರೆ ಗಾರೆ ತುಂಬುವುದು ಕೈಗೆ ಬಂದ ಅಭ್ಯಾಸ. ಅವರ ಕಸುಬಿನಲ್ಲಿ ಸಂದು ಬಿಡುವುದೇ ತಪ್ಪು. ಇಲ್ಲಿ ಮಾತ್ರ ಬಿಡಬೇಕು ಎಂಬುದನ್ನು ಮೇಸ್ತ್ರಿಗೆ ಕಾರಣದ ಸಮೇತ ಹೇಳು, ಗದರಬೇಡ. ಹಾಳೆಯ ಜೋಡಣೆಯಲ್ಲಿ ಒಂದು ಬಿರುಕಿದ್ದು ಅದರೊಳಗೆ ಬೊಗಸೆ ಗಾರೆ ಇಳಿದು ಸ್ಲ್ಯಾಬಿಗೆ ಕಚ್ಚಿಕೊಂಡರೆ ಕೊಡ ಹಾಲಿಗೆ ಹುಳಿ ಹಿಂಡಿದಂತೆ, ಇಡೀ ಕೋಣೆಯ ಖರ್ಚು ವ್ಯರ್ಥ. ಸ್ಕರ್ಟಿಂಗ್ ಕಲ್ಲನ್ನು ಗೋಡೆಗೆ ಅಂಟಿಸು, ನೆಲಕ್ಕೆ ತಾಗಿಸಬೇಡ. ನಡುವೆ ಎರಡು ಮಿಲಿಮೀಟರ್ ಬಿಟ್ಟು ಸಿಲಿಕಾನ್ ತುಂಬಿಸು. ನೆಲದಿಂದ ಮೇಲೇಳುವ ಪ್ರತಿ ಪೈಪಿನ ಸುತ್ತಲೂ ಅದೇ ಪಟ್ಟಿ ಬೇಕು. ಒಳಗೋಡೆಗಳನ್ನು ಸ್ಲ್ಯಾಬಿನ ಮೇಲೆ ಮೊದಲೇ ಕಟ್ಟಿಸು. ತೇಲುವ ನೆಲದ ಮೇಲೆ ಗೋಡೆ ಕಟ್ಟಿದರೆ ಭಾರಕ್ಕೆ ಹಾಳೆ ಹಪ್ಪಳವಾಗುತ್ತದೆ.

ಇದನ್ನು ನಕ್ಷೆಯ ಹಂತದಲ್ಲೇ ತೀರ್ಮಾನಿಸಬೇಕು. 50 ಮಿಲಿಮೀಟರ್ ಕಾಂಕ್ರೀಟು ಎಂದರೆ ಚದರ ಮೀಟರಿಗೆ 120 ಕಿಲೋ. ಸ್ಟ್ರಕ್ಚರಲ್ ಎಂಜಿನಿಯರಿಗೆ ಹೇಳದೆ ಅಷ್ಟು ಭಾರ ಹೇರುವಂತಿಲ್ಲ. ನೆಲದ ಮಟ್ಟ ಏರಿದರೆ ಬಾಗಿಲು, ಬಚ್ಚಲಿನ ಇಳಿಜಾರು, ಮೆಟ್ಟಿಲ ಕೊನೆಯ ಹೆಜ್ಜೆ ಎಲ್ಲವೂ ತಪ್ಪುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 8ನೇ ಭಾಗದಲ್ಲಿ ಸದ್ದಿನ ತಡೆಗೆಂದೇ ಒಂದು ವಿಭಾಗವಿದೆ. ಅದಕ್ಕೂ ಬಹಳ ಹಿಂದೆ, 1962ರಲ್ಲೇ, ಐಎಸ್ 1950 ಎಂಬ ಮಾನಕ ಬಂದಿತ್ತು. ಎರಡನ್ನೂ ತರಿಸಿಕೊಂಡು ಓದು. ನಮ್ಮಲ್ಲಿ ಮನೆ ಕೊಳ್ಳುವವರು ಟೈಲ್ಸಿನ ಹೊಳಪು ಕೇಳುತ್ತಾರೆ, ನೆಲದಡಿ ಏನಿದೆ ಎಂದು ಕೇಳುವುದಿಲ್ಲ. ಅವರು ಕೇಳದಿದ್ದರೂ ಹೇಳುವುದು ಎಂಜಿನಿಯರಿನ ಧರ್ಮ ಎಂದು ನಾನು ನಂಬಿದ್ದೇನೆ.

ಪಂಪಿನ ವಿಷಯಕ್ಕೆ ಬಾ. ಇಲ್ಲಿ ಎಲ್ಲರೂ ಮಾಡುವುದು ಒಂದೇ ಉಪಾಯ: ಅಡಿಗೆ ಒಂದು ಗಟ್ಟಿ ರಬ್ಬರ್ ತುಂಡು. ಅದು ಎಷ್ಟೋ ಸಲ ಸದ್ದನ್ನು ಹೆಚ್ಚಿಸುತ್ತದೆ. ಕಾರಣ ತಿಳಿದುಕೋ. ಯಂತ್ರ ಕೂತಾಗ ರಬ್ಬರೋ ಸ್ಪ್ರಿಂಗೋ ಎಷ್ಟು ಮಿಲಿಮೀಟರ್ ಕುಗ್ಗುತ್ತದೆ ಎಂದು ಅಳೆ. 15.8ನ್ನು ಆ ಅಳತೆಯ ವರ್ಗಮೂಲದಿಂದ ಭಾಗಿಸಿದರೆ ಅದು ಸ್ವಭಾವತಃ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎಂದು ಸಿಗುತ್ತದೆ. 1440 ಸುತ್ತಿನ ಮೋಟಾರು ಸೆಕೆಂಡಿಗೆ 24 ಸಲ ನೂಕುತ್ತದೆ. ಗಟ್ಟಿ ರಬ್ಬರು ಅರ್ಧ ಮಿಲಿಮೀಟರೂ ಕುಗ್ಗದಿದ್ದರೆ ಅದರ ಕುಣಿತವೂ 24ರ ಆಸುಪಾಸಿಗೇ ಬಂದು ನಿಲ್ಲಬಹುದು. ಆಗ ಎರಡೂ ಕೂಡಿಕೊಂಡು ಸ್ಲ್ಯಾಬನ್ನು ಇನ್ನಷ್ಟು ಅಲುಗಿಸುತ್ತವೆ. ಮೋಟಾರಿನ ಲೆಕ್ಕದ ಮೂರನೇ ಒಂದು ಭಾಗಕ್ಕೆ, ಅಂದರೆ 8ಕ್ಕೆ ಇಳಿಸಬೇಕಾದರೆ ಆಧಾರ ನಾಲ್ಕು ಮಿಲಿಮೀಟರಿನಷ್ಟು ಕುಗ್ಗಬೇಕು. ಅದು ಮೆದು ರಬ್ಬರಿನ ಇಲ್ಲವೇ ಸ್ಪ್ರಿಂಗಿನ ಕೆಲಸ. ಆಮೇಲೆ ಬೋಲ್ಟನ್ನು ಸ್ಪ್ರಿಂಗಿನ ಹೊರಗಿಂದ ಸ್ಲ್ಯಾಬಿಗೆ ಬಿಗಿದರೆ, ಕಬ್ಬಿಣದ ಪೈಪನ್ನು ನೇರ ಗೋಡೆಗೆ ಕ್ಲಾಂಪ್ ಮಾಡಿದರೆ ಮತ್ತೆ ಅದೇ ಕಥೆ. ಪಂಪಿನ ಬಾಯಿಗೆ ರಬ್ಬರ್ ಬೆಲ್ಲೋಸ್, ಪೈಪಿನ ಕ್ಲಾಂಪಿಗೆ ರಬ್ಬರ್ ಒಳಪಟ್ಟಿ, ಸ್ಲ್ಯಾಬು ದಾಟುವಲ್ಲಿ ದೊಡ್ಡ ಸ್ಲೀವು ಹಾಕಿಸು.

ದೊಡ್ಡಬಳ್ಳಾಪುರದ ಕಡೆ ಹೋದರೆ ಕೆಳಗೆ ವಿದ್ಯುತ್ ಮಗ್ಗ, ಮೇಲೆ ಸಂಸಾರ ಇರುವ ಮನೆಗಳಿವೆ. ಮಗ್ಗದ ಬಡಿತಕ್ಕೆ ನೆಲವೇ ನಡುಗುವ ಆ ಕೋಣೆಗಳಲ್ಲಿ ಮಕ್ಕಳು ಓದುತ್ತವೆ, ಬಾಣಂತಿಯರು ಮಲಗುತ್ತಾರೆ. ಹೊಸದಾಗಿ ಕಟ್ಟುವಾಗ ಮಗ್ಗದ ನೆಲವನ್ನೂ ಅಡಿಪಾಯವನ್ನೂ ಮನೆಯ ಗೋಡೆಯಿಂದ ಬೇರೆಯಾಗಿ ಕತ್ತರಿಸಿ ಕಟ್ಟುವುದು ದೊಡ್ಡ ಖರ್ಚಿನ ಮಾತಲ್ಲ. ಅಂಥ ಕಡೆ ಕೆಲಸ ಸಿಕ್ಕರೆ ನೀನು ಹಟ ಹಿಡಿದು ಮಾಡಿಸಬೇಕು.

ಕಟ್ಟಿ ಮುಗಿದ ಮನೆಯ ಗೋಡೆಗೂ ಇದೇ ಸೂತ್ರ. ಹಳೆ ಗೋಡೆಗೆ ಸ್ಕ್ರೂ ಹೊಡೆದು ಬೋರ್ಡು ಕೂರಿಸಿದರೆ ಬೋರ್ಡೂ ಗೋಡೆಯ ಜತೆ ಅದುರುತ್ತದೆ. ಒಂದಿಂಚು ದೂರದಲ್ಲಿ ಬೇರೆಯೇ ಚೌಕಟ್ಟು ನಿಲ್ಲಿಸಿ, ಅದರಡಿ ಮತ್ತು ತಲೆಯ ಮೇಲೆ ರಬ್ಬರ್ ಪಟ್ಟಿ ಕೊಟ್ಟು, ಒಳಗೆ ರಾಕ್‌ವೂಲ್ ತುಂಬಿ, ಎರಡು ಪದರ ಜಿಪ್ಸಂ ಬೋರ್ಡು ಹಾಕು. ಕೆಳಮನೆಯವರು ಸೀಲಿಂಗ್ ಮಾಡಿಸುವುದಾದರೆ ತೂಗುಕಂಬಿಗೆ ರಬ್ಬರ್ ಹ್ಯಾಂಗರ್ ಇರಲಿ. ಆದರೂ ಸ್ವಲ್ಪ ಸದ್ದು ಪಕ್ಕದ ಗೋಡೆಗಳಿಂದ ಇಳಿದೇ ಇಳಿಯುತ್ತದೆ, ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡು. ಮೊಟ್ಟೆಯ ಟ್ರೇ, ತೆಳು ಸ್ಪಂಜು ಅಂಟಿಸುವವರ ಮಾತಿಗೆ ಬೀಳಬೇಡ. ಸ್ಪಂಜು ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತದೆ, ಮೇಲಿನ ಹೆಜ್ಜೆಯನ್ನಲ್ಲ.

ದುಡ್ಡಿಲ್ಲದವರಿಗೆ ಮೇಲಿನ ಮನೆಯೇ ಔಷಧದಂಗಡಿ. ಕುರ್ಚಿ ಕಾಲಿಗೆ ಫೆಲ್ಟ್, ಗ್ರೈಂಡರಿನಡಿ ದಪ್ಪ ಮ್ಯಾಟು, ಮಕ್ಕಳು ಆಡುವ ಜಾಗದಲ್ಲಿ ಜಮಖಾನ. ಒಳ್ಳೆಯ ದಪ್ಪ ಕಾರ್ಪೆಟ್ಟು ಹೆಜ್ಜೆ ಸದ್ದನ್ನು ಇಪ್ಪತ್ತು ಡೆಸಿಬೆಲ್‌ಗೂ ಹೆಚ್ಚು ತಗ್ಗಿಸಬಲ್ಲದು. ಎರಡು ಮನೆಯವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದೂ ನಿನ್ನ ಕೆಲಸವೇ ಎಂದುಕೋ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರ ಸಂಕಟ ಮೇಲಿನವರಿಗೆ ಗೊತ್ತಿರುವುದೇ ಇಲ್ಲ.

ಇನ್ನು ಹೊಸ ಬ್ಲಾಕಿನಲ್ಲಿ ಮೊದಲ ಮನೆಗೆ ನೆಲ ಸುರಿಯುವ ದಿನ ಆಫೀಸಿನಲ್ಲಿ ಕೂರಬೇಡ. ಬೆಳಿಗ್ಗೆಯೇ ಹೋಗಿ ಗೋಡೆಯ ಬುಡದುದ್ದಕ್ಕೂ ಪಟ್ಟಿ ನಿಂತಿದೆಯೇ, ಹಾಳೆಯ ಜೋಡಣೆಗೆ ಟೇಪು ಬಿದ್ದಿದೆಯೇ ಎಂದು ಮಂಡಿಯೂರಿ ನೋಡು. ಮಾರನೆಯ ದಿನ ಮತ್ತೆ ಹೋಗು. ಗಾರೆ ಎಲ್ಲಾದರೂ ಗೋಡೆಗೆ ಕಚ್ಚಿಕೊಂಡಿದ್ದರೆ ಆಗಲೇ ಒಡೆಸು. ಟೈಲ್ಸ್ ಬಿದ್ದ ಮೇಲೆ ಅದು ಎಲ್ಲಿದೆ ಎಂದು ಹುಡುಕಲು ಇಡೀ ನೆಲವನ್ನೇ ಕೀಳಬೇಕಾಗುತ್ತದೆ.