ಸ್ಪೇನಿನ ದ್ರಾಕ್ಷಾಮದ್ಯವೂ ವಿಜಯಪುರದ ಒಣದ್ರಾಕ್ಷಿಯೂ

ಫಾಲ್ಗುಣ ಮಾಸದ ಬಿಸಿಲಿನಲ್ಲಿ ವಿಜಯಪುರದಿಂದ ಇಂಡಿಯ ಕಡೆಗಾಗಲಿ ಬಸವನ ಬಾಗೇವಾಡಿಯ ಕಡೆಗಾಗಲಿ ಪ್ರಯಾಣ ಮಾಡುವವರಿಗೆ ಜೋಳ ತೊಗರಿಗಳ ಕೊಯ್ಲು ಮುಗಿದ ಬಯಲುಗಳ ನಡುವೆ ಉದ್ದುದ್ದನೆಯ ಶೆಡ್ಡುಗಳು ಕಾಣಬರುತ್ತವೆ. ಇವುಗಳಿಗೆ ಮೇಲೆ ಮಾಡು ಉಂಟು, ಪಕ್ಕಗಳಲ್ಲಿ ಗೋಡೆಯಿಲ್ಲ. ಒಳಗೆ ಬಲೆಗಳನ್ನು ಅಂತಸ್ತು ಅಂತಸ್ತಾಗಿ ಬಿಗಿದು ಅವುಗಳ ಮೇಲೆ ದ್ರಾಕ್ಷಿಯ ಗೊಂಚಲುಗಳನ್ನು ಹರವಿರುತ್ತಾರೆ. ಎರಡು ವಾರಗಳು ಕಳೆಯುವಷ್ಟರಲ್ಲಿ ಆ ಹಣ್ಣು ಮನೂಕವಾಗುತ್ತದೆ. ಹೆಚ್ಚುಕಡಿಮೆ ನಾಲ್ಕು ಕಿಲೋಗ್ರಾಂ ಹಸಿಯ ಹಣ್ಣಿಗೆ ಒಂದು ಕಿಲೋಗ್ರಾಂ ಒಣದ್ರಾಕ್ಷಿ. ಉಳಿದ ಮೂರು ಕಿಲೋಗ್ರಾಂ ಎಲ್ಲಿಗೆ ಹೋಯಿತು? ಆವಿಯಾಗಿ ಗಾಳಿಯಲ್ಲಿ ಸೇರಿತು.

ಇದೇ ಹಣ್ಣು ಸ್ಪೇನ್ ದೇಶದಲ್ಲಿ ಬೇರೆ ದಾರಿ ಹಿಡಿಯಿತು. ಆ ದೇಶದಲ್ಲಿ 9 ಲಕ್ಷ ಹೆಕ್ಟೇರಿಗೂ ಮಿಕ್ಕಿ ದ್ರಾಕ್ಷಿಯ ತೋಟಗಳಿವೆ. ಇಷ್ಟು ವಿಸ್ತಾರವಾಗಿ ದ್ರಾಕ್ಷಿ ಬೆಳೆಯುವ ದೇಶ ಇನ್ನೊಂದಿಲ್ಲ. ಅಲ್ಲಿಯ ಬೆಳೆಯ ಬಹುಭಾಗ ಮದ್ಯವಾಗಿ ಪೀಪಾಯಿಗಳನ್ನು ಸೇರುತ್ತದೆ. ದ್ರಾಕ್ಷಿಯ ಮದ್ಯ ನಮ್ಮ ದೇಶಕ್ಕೆ ಅಪರಿಚಿತವೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ದ್ರಾಕ್ಷಾರಸದ ‘ಮಧು’ವಿನ ಮಾತು ಬರುತ್ತದೆ, ಅದರಲ್ಲಿ ‘ಕಾಪಿಶಾಯನ’ವೆಂಬುದೊಂದು ಬಗೆ. ಆದರೂ ಪಾನದ ಗುಣದೋಷಗಳ ವಿಚಾರ ಈ ಲೇಖನದ ಉದ್ದೇಶವಲ್ಲ. ಒಂದೇ ಬಳ್ಳಿಯ ಫಲ ಒಂದು ನಾಡಿನಲ್ಲಿ ಒಣಗುವುದಕ್ಕೂ ಇನ್ನೊಂದು ನಾಡಿನಲ್ಲಿ ಹುದುಗುವುದಕ್ಕೂ ಕಾರಣವೇನೆಂಬುದನ್ನು ನಾವಿಲ್ಲಿ ವಿಚಾರಿಸೋಣ. ಈ ಪ್ರಶ್ನೆಯ ಉತ್ತರವನ್ನು ಎಲ್ಲಿ ಹುಡುಕಿದರೂ ಕೊನೆಗೆ ಕೈಗೆ ಸಿಕ್ಕುವುದು ನೀರು.

ಪಕ್ವವಾದ ದ್ರಾಕ್ಷಿಯ ಹಣ್ಣೆಂದರೆ ತೆಳುವಾದ ಚೀಲದಲ್ಲಿ ತುಂಬಿಟ್ಟ ಸಿಹಿನೀರು. ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರು. ಐದರಲ್ಲೊಂದು ಪಾಲಿನಷ್ಟು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಕ್ಕರೆಗಳು. ಅಲ್ಪ ಪ್ರಮಾಣದಲ್ಲಿ ಟಾರ್ಟಾರಿಕ್ ಮತ್ತು ಮ್ಯಾಲಿಕ್ ಆಮ್ಲಗಳು. ಇಷ್ಟು ರುಚಿಯಾದ ಆಹಾರವನ್ನು ಸೂಕ್ಷ್ಮಜೀವಿಗಳು ಬಿಟ್ಟಾವೆಯೆ? ಕೊಯ್ದ ಹಣ್ಣನ್ನು ಕೊಳೆಯದಂತೆ ಉಳಿಸಲು ಮನುಷ್ಯನು ಎರಡು ಉಪಾಯಗಳನ್ನು ಕಂಡುಕೊಂಡನು. ನೀರನ್ನು ತೆಗೆದುಬಿಡುವುದು ಒಂದು. ನೀರು ಕಡಿಮೆಯಾದಂತೆ ಸಕ್ಕರೆಯು ಗಾಢವಾಗುತ್ತ ಹೋಗಿ, ತನ್ನ ಮೇಲೆ ಬಂದು ಕುಳಿತ ಸೂಕ್ಷ್ಮಜೀವಿಯ ದೇಹದಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಬೆಲ್ಲವೂ ಜೇನೂ ಕೆಡದಿರುವುದು ಇದೇ ಕಾರಣದಿಂದ. ಯೀಸ್ಟ್ ಎಂಬ ಒಂದೇ ಜಾತಿಯ ಸೂಕ್ಷ್ಮಜೀವಿಗೆ ಹಣ್ಣಿನ ರಸವನ್ನು ಒಪ್ಪಿಸಿಬಿಡುವುದು ಎರಡನೆಯ ಉಪಾಯ. ಅದು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಮದ್ಯಸಾರವು ಉಳಿದ ಸೂಕ್ಷ್ಮಜೀವಿಗಳನ್ನು ದೂರವಿಡುತ್ತದೆ.

ಈ ಎರಡನೆಯ ಕ್ರಿಯೆಯ ಲೆಕ್ಕ ಬಹು ಸುಲಭ. 180 ಗ್ರಾಂ ಗ್ಲೂಕೋಸಿನಿಂದ ಸಿದ್ಧಾಂತದಂತೆ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಲೀಟರು ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಇದ್ದರೆ ನೂರಕ್ಕೆ ಒಂದರಂತೆ ಮದ್ಯಸಾರ ಆಗುವುದರಿಂದ, 220 ಗ್ರಾಂ ಸಕ್ಕರೆಯ ರಸ ನೂರಕ್ಕೆ 13ರ ಸಮೀಪಕ್ಕೆ ಬಂದು ನಿಲ್ಲುತ್ತದೆ. ರಸವು ತಾನಾಗಿಯೇ ಹುದುಗುತ್ತದೆಂಬ ನಂಬಿಕೆ ಬಹುಕಾಲ ಇದ್ದಿತು. ಫ್ರಾನ್ಸಿನ ಲೂಯಿ ಪಾಶ್ಚರನು 1878ರಲ್ಲಿ ಕೆಲವು ಬಳ್ಳಿಗಳಿಗೆ ಗಾಜಿನ ಮನೆಯನ್ನು ಕಟ್ಟಿಸಿ, ಹೊರಗಿನ ಯೀಸ್ಟು ತಾಗದ ಹಣ್ಣಿನ ರಸ ಹುದುಗುವುದಿಲ್ಲವೆಂದು ತೋರಿಸಿಕೊಟ್ಟನು. 1897ರಲ್ಲಿ ಜರ್ಮನಿಯ ಬುಕ್ನರನು ಯೀಸ್ಟನ್ನು ಅರೆದು ಹಿಂಡಿದ, ಜೀವಕೋಶಗಳಿಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ಕಂಡನು. ಇಂದಿನ ಕಿಣ್ವಶಾಸ್ತ್ರ ಅಲ್ಲಿಂದ ಬೆಳೆಯಿತು.

ಇನ್ನು ಭೂಗೋಳಕ್ಕೆ ಬರೋಣ. ಸ್ಪೇನಿನ ದಕ್ಷಿಣದಲ್ಲಿ ಹೆರೆಸ್ ಎಂಬ ಪಟ್ಟಣವಿದೆ. ‘ಶೆರಿ’ ಎಂಬ ಮದ್ಯಕ್ಕೆ ಹೆಸರು ಬಂದದ್ದು ಈ ಊರಿನಿಂದ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ವಿಜಯಪುರ ಜಿಲ್ಲೆಯಲ್ಲಿ ಬೀಳುವುದೂ ಸುಮಾರು ಅಷ್ಟೇ! ಉತ್ತರದಲ್ಲಿ ಇಂಡಿ ಸಿಂದಗಿಗಳ ಅಂಚಿಗೆ ಭೀಮೆಯೂ, ದಕ್ಷಿಣದಲ್ಲಿ ಬಾಗೇವಾಡಿ ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆಯೂ ಹರಿದರೂ ನಡುವಿನ ನೆಲ ಬಾಯಾರಿದ ನೆಲವೇ. ಆದರೆ ಎರಡು ಊರುಗಳ ಮಳೆಯ ಮೊತ್ತ ಒಂದಾದರೂ ಕಾಲ ಒಂದಲ್ಲ. ಹೆರೆಸಿನಲ್ಲಿ ಮಳೆ ಬರುವುದು ಚಳಿಗಾಲದ ಸುತ್ತಮುತ್ತ. ಬೇಸಗೆ ಪೂರ್ತಿ ಒಣ. ನಮ್ಮಲ್ಲಿ ಮಳೆ ಜೂನಿನಿಂದ ಅಕ್ಟೋಬರಿನವರೆಗೆ, ಆಮೇಲೆ ಒಣ. ಹಣ್ಣು ಬಲಿಯುವಾಗ ಮಳೆ ಬಿದ್ದರೆ ಸಿಪ್ಪೆ ಸೀಳಿ ಬೂಷ್ಟು ಹಿಡಿಯುವುದರಿಂದ ದ್ರಾಕ್ಷಿಯನ್ನು ಎಲ್ಲಿಯೇ ಆಗಲಿ ಒಣಕಾಲದಲ್ಲಿಯೇ ಹಣ್ಣಾಗಿಸಬೇಕು. ಆದುದರಿಂದ ಅವರ ಸುಗ್ಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ, ನಮ್ಮದು ಫೆಬ್ರವರಿ–ಮಾರ್ಚಿನಲ್ಲಿ.

ಸುಗ್ಗಿಯನ್ನು ಹೀಗೆ ಸರಿಸುವುದು ಹೇಗೆ ಸಾಧ್ಯವಾಯಿತು? ಸ್ಪೇನಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ನಿದ್ರೆ ಹೋಗುತ್ತದೆ. ವಸಂತದಲ್ಲಿ ಎದ್ದು ಒಮ್ಮೆ ಫಲ ಕೊಡುತ್ತದೆ. ಸಮಭಾಜಕಕ್ಕೆ 17 ಡಿಗ್ರಿ ಹತ್ತಿರದಲ್ಲಿರುವ ವಿಜಯಪುರದ ಬಳ್ಳಿಗೆ ನಿದ್ರೆ ಬರುವಷ್ಟು ಚಳಿಯೇ ಇಲ್ಲ. ರೈತನೇ ಕತ್ತರಿ ಹಿಡಿದು ಋತುವನ್ನು ನಿರ್ಮಿಸಬೇಕು. ನಮ್ಮ ದ್ರಾಕ್ಷಿ ಪಡಗಳಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ ನಡೆಯುತ್ತದೆ. ಏಪ್ರಿಲ್ ಚಾಟ್ನಿಯಲ್ಲಿ ಹಳೆಯ ಕಡ್ಡಿಗಳನ್ನು ಬುಡದವರೆಗೆ ಕತ್ತರಿಸುತ್ತಾರೆ; ಹೊಸ ಕಡ್ಡಿ ಬಂದು ಅದರ ಮೊಗ್ಗಿನೊಳಗೆ ಮುಂದಿನ ಗೊಂಚಲಿನ ಮೊಳಕೆ ಗುಪ್ತವಾಗಿ ರೂಪುಗೊಳ್ಳುತ್ತದೆ. ಅಕ್ಟೋಬರ್ ಚಾಟ್ನಿಯಲ್ಲಿ ಆ ಕಡ್ಡಿಯ ತುದಿಯನ್ನು ಕತ್ತರಿಸಿ, ಉಳಿದ ಮೊಗ್ಗುಗಳಿಗೆ ಹೈಡ್ರೊಜನ್ ಸಯನಮೈಡ್ ಎಂಬ ರಾಸಾಯನಿಕವನ್ನು ಲೇಪಿಸುತ್ತಾರೆ. ಚಳಿಗಾಲ ಮಾಡಬೇಕಾದ ಕೆಲಸವನ್ನು ಈ ಲೇಪ ಮಾಡುತ್ತದೆ. ಮೊಗ್ಗುಗಳು ಒಟ್ಟಿಗೆ ಒಡೆಯುತ್ತವೆ. ಎರಡು ಚಾಟ್ನಿ, ಒಂದು ಬೆಳೆ. ಸ್ಪೇನಿನ ರೈತನಿಗೆ ಈ ಮಾತನ್ನು ಹೇಳಿದರೆ ಅವನು ಬೆರಗಾಗದಿರಲಾರನು.

ಆದರೆ ನೀರಿನ ವಿಷಯದಲ್ಲಿ ಬೆರಗಾಗುವ ಸರದಿ ನಮ್ಮದು. ಸ್ಪೇನಿನ ನಡುನಾಡಾದ ಲಾ ಮಾಂಚದಲ್ಲಿ ಬಳ್ಳಿಗೆ ಚಪ್ಪರವಿಲ್ಲದೆ ಮೊಣಕಾಲೆತ್ತರದ ಪೊದೆಯಂತೆ ಬೆಳೆಸುವ ಪದ್ಧತಿ ಬಹು ಹಿಂದಿನದು. ಒಂದೊಂದು ಬಳ್ಳಿಗೂ ಎರಡೂವರೆ ಮೀಟರಿನಷ್ಟು ಅಂತರ. ಅಷ್ಟಗಲ ನೆಲದ ತೇವವೆಲ್ಲ ಅದೊಂದಕ್ಕೇ. 1990ರ ದಶಕದ ನಡುವಿನವರೆಗೆ ಮದ್ಯದ ದ್ರಾಕ್ಷಿಗೆ ನೀರು ಹಾಯಿಸುವುದಕ್ಕೆ ಆ ದೇಶದ ಕಾನೂನೇ ಅಡ್ಡವಾಗಿದ್ದಿತು. ಹೆರೆಸಿನವರು ಸುಣ್ಣಕಲ್ಲಿನ ಅಂಶ ತುಂಬಿದ ಬಿಳಿಯ ಮಣ್ಣಿನಲ್ಲಿ ಸುಗ್ಗಿಯಾದೊಡನೆ ಸಾಲುಗಳ ನಡುವೆ ಗುಣಿಗಳನ್ನು ತೋಡಿ ಚಳಿಗಾಲದ ಮಳೆಯನ್ನು ಹಿಡಿದಿಡುತ್ತಾರೆ. ಇದು ನಮ್ಮ ಎರೆಭೂಮಿಯ ಚೌಕುಮಡಿಯ ಅಣ್ಣತಮ್ಮನೇ ಸರಿ. ಹೀಗೆ ಬೆಳೆದ ಬಳ್ಳಿ ಕೊಡುವ ಹಣ್ಣು ಸ್ವಲ್ಪ. ಉತ್ತರದ ರಿಯೋಹ ಪ್ರಾಂತದಲ್ಲಿ ಹೆಕ್ಟೇರಿಗೆ ಕೆಂಪು ದ್ರಾಕ್ಷಿ 6,500 ಕಿಲೋಗ್ರಾಂ ಮೀರಕೂಡದೆಂಬ ನಿಯಮವೇ ಇದೆ. ನಮ್ಮ ಚಪ್ಪರಗಳಲ್ಲಿ ಹೆಕ್ಟೇರಿಗೆ 20 ಟನ್ನೂ ಅದಕ್ಕಿಂತ ಹೆಚ್ಚೂ ಬರುತ್ತದೆ. ಆ ಹೆಚ್ಚಳಕ್ಕೆ ಕೊಳವೆಬಾವಿಯ ನೀರು ಬೇಕು, ಹನಿ ನೀರಾವರಿ ಬೇಕು. ಬರಗಾಲದ ವರ್ಷದಲ್ಲಿ ಬಳ್ಳಿಯ ಜೀವ ಉಳಿಸಲು ಟ್ಯಾಂಕರಿನ ನೀರನ್ನೂ ಕೊಳ್ಳಬೇಕು. ಸ್ಪೇನಿನವರ ಮಿತನೀರಿನ ಬೇಸಾಯವನ್ನು ಹೊಗಳುವುದು ಸುಲಭ. ಸಾಲ ಮಾಡಿ ಕಬ್ಬಿಣದ ಚಪ್ಪರ ಹಾಕಿದ ರೈತನಿಗೆ, ಇಳುವರಿ ಮೂರರಲ್ಲೊಂದಾದರೂ ಚಿಂತೆಯಿಲ್ಲ ಎಂದು ಹೇಳುವ ಧೈರ್ಯ ಮಾತ್ರ ನಮಗಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾಗದು. ಎರಡೂ ನಾಡುಗಳ ಬಳ್ಳಿಗಳು ಇಂದು ನಿಂತಿರುವುದು ಹೆಚ್ಚಾಗಿ ಅಮೆರಿಕದ ಬೇರುಗಳ ಮೇಲೆ. ಬೇರನ್ನು ಹೀರಿ ಬಳ್ಳಿಯನ್ನು ಕೊಲ್ಲುವ ಫಿಲೊಕ್ಸೆರ ಎಂಬ ಅಮೆರಿಕದ ಹೇನು 1878ರಲ್ಲಿ ಸ್ಪೇನಿನ ಮಾಲಗ ಪ್ರಾಂತವನ್ನು ಹೊಕ್ಕಿತು. ಆ ಹೇನಿನೊಡನೆ ಬಾಳಿ ಬದುಕಿದ ಅಮೆರಿಕದ ಕಾಡುಬಳ್ಳಿಯ ಬೇರಿಗೆ ತಮ್ಮ ಬಳ್ಳಿಯನ್ನು ಕಸಿ ಮಾಡದೆ ಅವರಿಗೆ ಗತ್ಯಂತರವಿರಲಿಲ್ಲ. ನಮ್ಮ ರೈತರು ಟೆಕ್ಸಾಸಿನ ಮೂಲದ ಡಾಗ್‌ರಿಜ್ ಬೇರಿಗೆ ಕಸಿ ಕಟ್ಟುವುದು ಹೇನಿಗೆ ಹೆದರಿಯಲ್ಲ. ಬರವನ್ನೂ ಉಪ್ಪುನೀರನ್ನೂ ಅದು ತಾಳಿಕೊಳ್ಳುತ್ತದೆಂದು.

ಈಗ ಮತ್ತೆ ಶೆಡ್ಡಿಗೆ ಹಿಂದಿರುಗೋಣ. ಹಣ್ಣಿನ ಮೇಲೆ ಬೂದಿ ಬಳಿದಂತೆ ಕಾಣುವ ತೆಳುವಾದ ಪದರವನ್ನು ಎಲ್ಲರೂ ನೋಡಿರುತ್ತೀರಿ. ಅದು ಮೇಣ. ಹಂಚಿನ ಮೇಲೆ ಹಂಚಿಟ್ಟಂತೆ ಮೇಣದ ಸೂಕ್ಷ್ಮವಾದ ಹಲ್ಲೆಗಳು ಸಿಪ್ಪೆಯನ್ನು ಮುಚ್ಚಿಕೊಂಡು ಒಳಗಿನ ನೀರನ್ನು ಹೊರಬಿಡದೆ ಕಾಯುತ್ತವೆ. ಹಾಗೆಯೇ ಹರವಿದರೆ ಹಣ್ಣು ಒಣಗಲು ವಾರಗಟ್ಟಲೆ ತಡವಾಗಿ, ಅಷ್ಟರಲ್ಲಿ ಕಂದಿ ಕೆಡುತ್ತದೆ. ಆದುದರಿಂದ ಗೊಂಚಲುಗಳನ್ನು ಮೊದಲು ಒಂದು ದ್ರಾವಣದಲ್ಲಿ 2ರಿಂದ 4 ನಿಮಿಷ ಮುಳುಗಿಸುತ್ತಾರೆ. ಲೀಟರು ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟು, 15 ಮಿಲಿಲೀಟರು ಈಥೈಲ್ ಓಲಿಯೇಟು. ಈ ಎರಡನೆಯದನ್ನು ರೈತರು ‘ಡಿಪ್ಪಿಂಗ್ ಆಯಿಲ್’ ಎನ್ನುತ್ತಾರೆ. ಅದು ಮೇಣದ ಹಲ್ಲೆಗಳ ಸಂದುಗಳಲ್ಲಿ ಸೇರಿ ನೀರಿಗೆ ದಾರಿ ಬಿಡಿಸುತ್ತದೆ.

ಇದು ಆಧುನಿಕ ರಸಾಯನಶಾಸ್ತ್ರದ ಕೊಡುಗೆಯೆಂದು ತೋರಬಹುದು. ಆದರೆ ಕ್ರಿ.ಶ. ಒಂದನೆಯ ಶತಮಾನದಲ್ಲಿ, ಈಗಿನ ಹೆರೆಸಿಗೆ ಸಮೀಪದ ಕಾದಿಸ್ ಪಟ್ಟಣದಲ್ಲಿ ಹುಟ್ಟಿದ ಕೊಲುಮೆಲ್ಲ ಎಂಬಾತನು ಲ್ಯಾಟಿನ್ ಭಾಷೆಯಲ್ಲಿ ಹನ್ನೆರಡು ಭಾಗಗಳ ಕೃಷಿಗ್ರಂಥವೊಂದನ್ನು ಬರೆದನು. ಒಣದ್ರಾಕ್ಷಿ ಮಾಡುವ ವಿಧಾನವನ್ನು ಅದರಲ್ಲಿ ಅವನು ವಿವರಿಸಿದ್ದಾನೆ: ದ್ರಾಕ್ಷಿಯ ಕಡ್ಡಿಗಳನ್ನು ಸುಟ್ಟ ಬೂದಿಯ ತಿಳಿನೀರನ್ನು ಕುದಿಸಿ, ಅದಕ್ಕೆ ಉತ್ತಮವಾದ ಎಣ್ಣೆಯನ್ನು ಕೊಂಚ ಬೆರೆಸಿ, ಗೊಂಚಲುಗಳನ್ನು ಬಣ್ಣ ತಿರುಗುವವರೆಗೆ ಅದ್ದಿ ತೆಗೆದು ಒಣಗಲು ಹರವಬೇಕು. ಕಟ್ಟಿಗೆಯ ಬೂದಿನೀರಿನ ಸಾರವೇ ಪೊಟ್ಯಾಸಿಯಂ ಕಾರ್ಬೊನೇಟು. ಅವನ ನಾಡಿನ ಎಣ್ಣೆ ಆಲಿವ್ ಎಣ್ಣೆ; ಅದರ ಮುಖ್ಯ ಅಂಶ ಓಲಿಯಿಕ್ ಆಮ್ಲ. ಈಥೈಲ್ ಓಲಿಯೇಟು ಇದೇ ಆಮ್ಲದಿಂದ ಆದದ್ದು! ಎರಡು ಸಾವಿರ ವರ್ಷಗಳ ಹಿಂದೆ ಸ್ಪೇನಿನವನೊಬ್ಬನು ಬರೆದಿಟ್ಟ ವಿಧಾನ, ಕುದಿಸುವುದೊಂದನ್ನು ಬಿಟ್ಟು, ಇಂಡಿಯ ಹೊಲದ ತೊಟ್ಟಿಯಲ್ಲಿ ಇಂದು ನಡೆಯುತ್ತಿದೆ.

ಆ ಸ್ಪೇನಿನವರೇ ಒಣಗಿಸುವುದನ್ನೂ ಹುದುಗಿಸುವುದನ್ನೂ ಒಂದುಗೂಡಿಸಿ ಇನ್ನೊಂದು ಪದಾರ್ಥವನ್ನು ಮಾಡಿದರು. ಹೆರೆಸ್ ಮತ್ತು ಮೊಂತಿಯ್ಯ ಪ್ರದೇಶಗಳಲ್ಲಿ ಪೆದ್ರೊ ಹಿಮೇನೆಸ್ ಎಂಬ ಜಾತಿಯ ಬಿಳಿ ದ್ರಾಕ್ಷಿಯನ್ನು ಕೊಯ್ದು ಚಾಪೆಗಳ ಮೇಲೆ ಬಿಸಿಲಿಗೆ ಹಾಕುತ್ತಾರೆ. ಅರ್ಧ ಒಣಗಿದ ಹಣ್ಣನ್ನು ಹಿಂಡಿದಾಗ ಬರುವ ರಸದಲ್ಲಿ ಲೀಟರಿಗೆ 400 ಗ್ರಾಂ ದಾಟಿ ಸಕ್ಕರೆ ಇರುವುದುಂಟು. ಇಷ್ಟು ಗಾಢವಾದ ರಸದಲ್ಲಿ ಯೀಸ್ಟಿನ ಕೈ ಸಾಗದು, ಹುದುಗುವಿಕೆ ಕುಂಟುತ್ತದೆ. ಆಗ ಹೊರಗಿನಿಂದ ಮದ್ಯಸಾರವನ್ನು ಬೆರೆಸಿ ಪೀಪಾಯಿಗೆ ತುಂಬುತ್ತಾರೆ. ವರ್ಷಗಳು ಕಳೆದಂತೆ ಅದು ಕಾಕಂಬಿಯ ಹಾಗೆ ಕಪ್ಪಾಗಿ ಮಂದವಾಗುತ್ತದೆ. ಮದ್ಯಕ್ಕೂ ಮನೂಕಕ್ಕೂ ನಡುವಣ ಮೆಟ್ಟಿಲು ಇದು. ನಮ್ಮವರು ನೆರಳಿನಲ್ಲಿ ಒಣಗಿಸುವ ಕಾರಣ, ಬಿಸಿಲು ಹಣ್ಣನ್ನು ಕಂದಿಸುತ್ತದೆಂಬುದು. ಪೇಟೆಯಲ್ಲಿ ಹಸುರು ಬಣ್ಣದ ಮನೂಕಕ್ಕೆ ಬೆಲೆ ಹೆಚ್ಚು.

ಶೆರಿಯ ಪೀಪಾಯಿಗಳ ವ್ಯವಸ್ಥೆಯೂ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಅದಕ್ಕೆ ‘ಸೊಲೆರ’ ಎಂದು ಹೆಸರು. ಪೀಪಾಯಿಗಳ ಹಲವು ಸಾಲುಗಳು. ಅತಿ ಹಳೆಯ ಸಾಲಿನಿಂದ ಮೂರರಲ್ಲೊಂದು ಭಾಗಕ್ಕೆ ಮೀರದಂತೆ ತೆಗೆದು, ತೆರವಾದಷ್ಟನ್ನು ಅದಕ್ಕಿಂತ ಎಳೆಯ ಸಾಲಿನಿಂದ ತುಂಬುತ್ತ ಬರುತ್ತಾರೆ. ಒಂದು ಪೀಪಾಯಿಯಿಂದ ವರ್ಷಕ್ಕೊಮ್ಮೆ ಮೂರರಲ್ಲೊಂದು ಭಾಗ ತೆಗೆದು ತುಂಬಿದರೆ ಹತ್ತು ವರ್ಷದ ಮೇಲೆ ಮೊದಲಿನ ಮದ್ಯ ನೂರಕ್ಕೆ ಎರಡಕ್ಕಿಂತ ಕಡಿಮೆ ಉಳಿದಿರುತ್ತದೆ; ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ನಮ್ಮ ಮನೆಗಳಲ್ಲಿ ಈ ತತ್ತ್ವ ಹೊಸದಲ್ಲ. ‘ಫೀನೊ’ ಎಂಬ ಶೆರಿಗೆ ಪೀಪಾಯಿಯ ಆರರಲ್ಲೊಂದು ಭಾಗವನ್ನು ಖಾಲಿ ಬಿಡುತ್ತಾರೆ. ಅಲ್ಲಿಯ ಗಾಳಿಯನ್ನು ಉಸಿರಾಡುತ್ತ ಮದ್ಯದ ಮೇಲೆ ಯೀಸ್ಟಿನ ಬಿಳಿಯ ಕೆನೆ ಕಟ್ಟುತ್ತದೆ. ಸ್ಪೇನಿನವರು ಅದನ್ನು ‘ಹೂವು’ ಎನ್ನುತ್ತಾರೆ. ಮದ್ಯಸಾರ ನೂರಕ್ಕೆ 15ರ ಸುಮಾರಿನಲ್ಲಿದ್ದರೆ ಹೂವು ಬಾಳುತ್ತದೆ. 17ಕ್ಕೆ ಏರಿಸಿದರೆ ಸಾಯುತ್ತದೆ.

ಹಾಗಾದರೆ ವಿಜಯಪುರದ ಹಣ್ಣೂ ಮದ್ಯವಾಗಬಾರದೇಕೆಂದು ವಾಚಕರು ಕೇಳಬಹುದು. ಕರ್ನಾಟಕ ಸರಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿದುದುಂಟು. ಸ್ಪೇನಿನ ಟೆಂಪ್ರನಿಯ್ಯೊ ಎಂಬ ಕೆಂಪು ದ್ರಾಕ್ಷಿ ನೆರೆಯ ಮಹಾರಾಷ್ಟ್ರದ ನಾಸಿಕದ ಕಡೆಗೆ ಬಂದದ್ದೂ ಉಂಟು. ಆದರೆ ನಮ್ಮ ಪಡಗಳಲ್ಲಿ ಹೆಚ್ಚಾಗಿರುವ ಥಾಮ್ಸನ್ ಸೀಡ್‌ಲೆಸ್ ಒಣಗಲು ಹುಟ್ಟಿದ ಹಣ್ಣು. ಅದರ ಸಿಪ್ಪೆ ತೆಳುವು, ಬೀಜವಿಲ್ಲ, ಕಂಪು ಅಲ್ಪ. ಅಲ್ಲದೆ ರಿಯೋಹದಲ್ಲಿ ಹಣ್ಣು ಬಲಿಯುವಾಗ ರಾತ್ರಿಗಳು ತಂಪಾಗುತ್ತ ಹೋಗುತ್ತವೆ. ನಮ್ಮಲ್ಲಿ ಬಲಿಯುವಾಗ ಬೇಸಗೆ ಏರುತ್ತಿರುತ್ತದೆ. ಸೆಕೆಯಲ್ಲಿ ಹಣ್ಣು ತನ್ನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲಿ ವ್ಯಯಿಸಿಬಿಡುತ್ತದೆ; ಹುಳಿಯಿಲ್ಲದ ರಸದ ಮದ್ಯ ಸಪ್ಪೆ. ಒಣಗಿಸುವುದಕ್ಕಾದರೋ ಅದೇ ಸೆಕೆ ವರ. ಮಾರ್ಚ್–ಏಪ್ರಿಲಿನ ಅಕಾಲಿಕ ಮಳೆ ಮಾತ್ರ ಈ ವರವನ್ನು ಒಂದೇ ಸಂಜೆಯಲ್ಲಿ ಕಿತ್ತುಕೊಳ್ಳಬಲ್ಲದು. ಗೋಡೆಯಿಲ್ಲದ ಶೆಡ್ಡಿನಲ್ಲಿ ಎರಚಲು ಬಡಿದರೆ ಮುಕ್ಕಾಲು ಒಣಗಿದ ಹಣ್ಣೂ ಮತ್ತೆ ನೀರು ಹೀರಿ ಬೂಷ್ಟು ಹಿಡಿಯುತ್ತದೆ.

ಮೇಣದ ವಿಷಯವನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ ಒಂದು ರಾತ್ರಿ ಬಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿರಿ. ಅದಕ್ಕೆ ನಾಲ್ಕು ತೊಟ್ಟು ಕುಸುಬಿ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿರಿ. ಈ ನೀರು ಖಾರವಾದುದರಿಂದ ಕಣ್ಣಿಗೆ ತಾಗದಂತೆ ಉಪಾಧ್ಯಾಯರ ಎದುರಿನಲ್ಲಿಯೇ ಮಾಡಬೇಕು. ಅದ್ದಿದ ಹಣ್ಣನ್ನು ತಿನ್ನಬಾರದು. ಸಮತೂಕದ ಹಣ್ಣುಗಳ ಮೂರು ತಟ್ಟೆಗಳನ್ನು ಇಟ್ಟುಕೊಂಡು, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದರ ಹಣ್ಣನ್ನು ಬರಿಯ ನೀರಿನಲ್ಲಿಯೂ ಮೂರನೆಯದನ್ನು ಬೂದಿನೀರಿನಲ್ಲಿಯೂ ಐದು ನಿಮಿಷ ಅದ್ದಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿರಿ. ಪ್ರತಿದಿನ ಒಂದೇ ಹೊತ್ತಿಗೆ ತೂಗಿ, ಮೂರರ ತೂಕವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿರಿ. ಬರಿಯ ನೀರಿನ ತಟ್ಟೆ ಏಕೆ ಬೇಕಾಯಿತೆಂಬುದನ್ನು ನೀವೇ ಯೋಚಿಸಿ ನಕ್ಷೆಯ ಕೆಳಗೆ ಬರೆಯಿರಿ.