ಆನೆಗಳ ಅಶ್ರುತ ವಾಣಿ

ಕಲೆಯು ಹೃದಯದ ವ್ಯಾಪಾರ, ವಿಜ್ಞಾನವು ಬುದ್ಧಿಯ ವ್ಯಾಪಾರ, ತಂತ್ರವಿದ್ಯೆಯು ಕೈಗಳ ವ್ಯಾಪಾರವೆಂದು ಬಗೆದು, ಈ ಮೂರನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸುವುದು ವಿದ್ಯಾಲಯಗಳಲ್ಲಿ ರೂಢಿಯಾಗಿದೆ. ಪ್ರೌಢಶಾಲೆಯನ್ನು ಮುಗಿಸಿದ ವಿದ್ಯಾರ್ಥಿಯು ಇವುಗಳಲ್ಲೊಂದನ್ನು ಆರಿಸಿಕೊಂಡನೆಂದರೆ ಉಳಿದೆರಡರ ಬಾಗಿಲು ಅವನ ಪಾಲಿಗೆ ಮುಚ್ಚಿತೆಂದೇ ತಂದೆತಾಯಿಗಳು ಭಾವಿಸುತ್ತಾರೆ. ಈ ವಿಭಜನೆಯಿಂದ ಜ್ಞಾನಕ್ಕೆ ಒದಗುವ ಹಾನಿ ಎಂತಹುದೆಂಬುದನ್ನು, ಆನೆಗಳ ಸಂಭಾಷಣೆ ಬೆಳಕಿಗೆ ಬಂದ ವೃತ್ತಾಂತವು ಮನಗಾಣಿಸುತ್ತದೆ.

ಆನೆಯು ಕನ್ನಡ ನಾಡಿಗೆ ಅಪರಿಚಿತ ಪ್ರಾಣಿಯಲ್ಲ. ಅದು ಗಂಗ ಅರಸರ ಲಾಂಛನ. ಆ ವಂಶದ ಎರಡನೆಯ ಶಿವಮಾರನು ರಚಿಸಿದ ‘ಗಜಾಷ್ಟಕ’ವು ಇಂದು ಉಪಲಬ್ಧವಿಲ್ಲವಾದರೂ, ಅದು ಒನಕೆವಾಡಾಗಿ ಜನರ ನಾಲಗೆಯ ಮೇಲೆ ನಲಿದಿತ್ತೆಂದು ಶಾಸನವು ತಿಳಿಸುತ್ತದೆ. ಆನೆಯ ಘೀಂಕಾರವನ್ನು ಕೇಳದ ಮಾವುತನಿಲ್ಲ. ಆದರೂ ಅದರ ಮಾತಿನಲ್ಲಿ ಬಹುಭಾಗವು ಮಾನವನ ಕಿವಿಗೆ ನಿಲುಕದೆಂಬುದು 1984ರವರೆಗೆ ಖಚಿತವಾಗಿರಲಿಲ್ಲ.

ಅದನ್ನು ಮೊದಲು ಗ್ರಹಿಸಿದವರು ಅಮೆರಿಕದ ಕೇಟಿ ಪೇನ್. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಸಂಗೀತವನ್ನು ಅಭ್ಯಸಿಸಿದ್ದರು. ಅವರ ಪತಿ ರೋಜರ್ ಪೇನ್ ಹಾಗೂ ಸ್ಕಾಟ್ ಮೆಕ್‌ವೇ ಅವರು, ಗೂನುಬೆನ್ನಿನ ತಿಮಿಂಗಿಲಗಳು ಕ್ರಮವರಿತು ಪುನರಾವರ್ತಿಸುವ ಹಾಡುಗಳನ್ನು ಹಾಡುತ್ತವೆಂದು 1971ರಲ್ಲಿ ಪ್ರಕಟಿಸಿದರು. ಸಮುದ್ರದೊಳಗೆ ಇಳಿಬಿಟ್ಟ ಮೈಕ್ರೋಫೋನುಗಳಿಂದ ಆ ಧ್ವನಿಗಳು ಮುದ್ರಿತವಾಗಿದ್ದವು. ಆ ಹಾಡುಗಳು ಕಾಲಕ್ರಮದಲ್ಲಿ ಮಾರ್ಪಡುತ್ತ ಹೋಗುವುದನ್ನು ಕೇಟಿಯವರ ಸಂಗೀತಪರಿಣತ ಕಿವಿ ಗುರುತಿಸಿತು. ಮುಂದೆ 1988ರಲ್ಲಿ ಲಿಂಡಾ ಗಿನೀ ಅವರೊಡನೆ ಬರೆದ ಪ್ರಬಂಧದಲ್ಲಿ, ಜಟಿಲವಾದ ಹಾಡುಗಳಲ್ಲಿ ಪ್ರಾಸವನ್ನು ಹೋಲುವ ಆವರ್ತನೆಗಳು ಹೆಚ್ಚಾಗಿ ಕಾಣುತ್ತವೆಂದೂ, ಅವು ನೆನಪಿಗೆ ನೆರವಾಗಿರಬಹುದೆಂದೂ ಅವರು ಸೂಚಿಸಿದರು. ದ್ವಿತೀಯಾಕ್ಷರ ಪ್ರಾಸದ ಆಸರೆಯಿಂದ ಪದ್ಯಗಳನ್ನು ಕಂಠಪಾಠ ಮಾಡಿದ ಕನ್ನಡಿಗರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

1984ರಲ್ಲಿ ಕೇಟಿಯವರು ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಆನೆಗಳ ಬಳಿ ಕೆಲವು ದಿನ ಕಳೆದರು. ಅವು ಮೌನವಾಗಿದ್ದಾಗಲೂ ಆಗಾಗ ಗಾಳಿಯಲ್ಲಿ ದೂರದ ಗುಡುಗಿನಂತಹ ಮಿಡಿತವೊಂದು ದೇಹಕ್ಕೆ ತಾಗುತ್ತಿತ್ತು. ಹಿಂದೆ ಪ್ರಾರ್ಥನಾಮಂದಿರದ ಗಾಯನವೃಂದದಲ್ಲಿ ಹಾಡುತ್ತಿದ್ದ ಕಾಲದಲ್ಲಿ, ಆರ್ಗನ್ ಎಂಬ ಬೃಹದ್ವಾದ್ಯದ ಅತಿ ಮಂದ್ರಸ್ವರವು ಕಟ್ಟಡವನ್ನೆಲ್ಲ ನಡುಗಿಸುತ್ತಿದ್ದುದು ಅವರ ಸ್ಮರಣೆಗೆ ಬಂದಿತು. ಇದೂ ನಾದವೇ ಏಕಾಗಿರಬಾರದೆಂಬ ಪ್ರಶ್ನೆ ಅಲ್ಲಿ ಮೂಡಿತು.

ಪ್ರಶ್ನೆಯನ್ನು ಕಲೆ ಎತ್ತಿತು; ಉತ್ತರಕ್ಕೆ ಯಂತ್ರವು ಬೇಕಾಯಿತು. ಸೆಕೆಂಡಿಗೆ ಸುಮಾರು 20 ಕಂಪನಗಳಿಗಿಂತ ಕೆಳಗಿನ ಧ್ವನಿಯನ್ನು ಮನುಷ್ಯನು ಕೇಳಲಾರ. ವಿಲಿಯಂ ಲಾಂಗ್‌ಬಾಯರ್ ಮತ್ತು ಎಲಿಜಬೆತ್ ಥಾಮಸ್ ಅವರೊಡಗೂಡಿ ಕೇಟಿಯವರು ಅಂತಹ ಧ್ವನಿಯನ್ನು ಟೇಪಿನಲ್ಲಿ ಮುದ್ರಿಸಿದರು. ಟೇಪನ್ನು ವೇಗವಾಗಿ ಓಡಿಸಿದಾಗ ಸ್ವರವು ಮೇಲೇರಿ, ಅಶ್ರುತವಾಗಿದ್ದುದು ಶ್ರುತವಾಯಿತು. ಏಷ್ಯಾದ ಆನೆಗಳು 14ರಿಂದ 24 ಕಂಪನಗಳ ಕರೆಗಳನ್ನು ಹೊರಡಿಸುತ್ತವೆಂದು ಅವರು 1986ರಲ್ಲಿ ಪ್ರಕಟಿಸಿದರು. ಬಂಡೀಪುರ, ನಾಗರಹೊಳೆಗಳ ಆನೆಗಳೂ ಇದೇ ಜಾತಿಯವು. ಬಳಿಕ ನಮೀಬಿಯಾದ ಎಟೋಶಾದಲ್ಲಿ ಆಫ್ರಿಕಾದ ಆನೆಗಳಿಗೆ ಇಂತಹ ಕರೆಗಳನ್ನು ಧ್ವನಿವರ್ಧಕದಿಂದ ಕೇಳಿಸಿದಾಗ, ಅವು 2 ಕಿಲೋಮೀಟರು ದೂರದಿಂದಲೂ ಸ್ಪಂದಿಸಿದವು. ಹೀಗೆ ಊಹೆಯು ಶಾಸ್ತ್ರವಾಯಿತು.

ಇದು ಕೇವಲ ಕುತೂಹಲದ ವಿಷಯವಲ್ಲ. ಕೇಟಿಯವರು 1999ರಲ್ಲಿ ಕಾರ್ನೆಲ್‌ನಲ್ಲಿ ಆರಂಭಿಸಿದ ಆನೆ ಆಲಿಸುವ ಯೋಜನೆಯ ಮೂಲಕ, ಮಧ್ಯ ಆಫ್ರಿಕಾದ ದಟ್ಟಾರಣ್ಯಗಳಲ್ಲಿ ಧ್ವನಿಮುದ್ರಕಗಳನ್ನು ಇರಿಸಲಾಯಿತು. ಕಣ್ಣಿಗೆ ಮರೆಯಾದ ಆನೆಗಳ ಇರವನ್ನು ಅವು ತಿಳಿಸುತ್ತವೆ. ಕಳ್ಳಬೇಟೆಗಾರರ ಗುಂಡಿನ ಸದ್ದನ್ನೂ ದಾಖಲಿಸುತ್ತವೆ. ಆ ಕಾಡಾನೆಗಳ ಜಾತಿಯು ವಿನಾಶದ ಅಂಚಿಗೆ ಬಂದಿದೆಯೆಂದು 2021ರಲ್ಲಿ ಘೋಷಿತವಾಗಿರುವುದರಿಂದ ಈ ಆಲಿಸುವಿಕೆಯು ಜೀವರಕ್ಷಣೆಯ ಕಾರ್ಯವೇ ಆಗಿದೆ. ಕೊಡಗು, ಹಾಸನ ಜಿಲ್ಲೆಗಳಲ್ಲಿ ಬೆಳೆಯನ್ನೂ ಕೆಲವೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುವ ರೈತರ ಸಂಕಟವು ಅಲ್ಪವಲ್ಲ; ನೆಲೆ ಕಳೆದುಕೊಂಡ ಆನೆಯ ಸಂಕಟವೂ ಅಲ್ಪವಲ್ಲ. ಪರಿಹಾರವು ಎಂತಹುದೇ ಇರಲಿ, ಆ ಪ್ರಾಣಿಯನ್ನು ಅರಿಯದೆ ಅದು ಸಾಧ್ಯವಾಗದು.

ಸಂಗೀತವಿಲ್ಲದಿದ್ದರೆ ಆ ಮಿಡಿತವು ಪ್ರಶ್ನೆಯಾಗುತ್ತಿರಲಿಲ್ಲ. ಯಂತ್ರವಿಲ್ಲದಿದ್ದರೆ ಪ್ರಶ್ನೆಯು ಊಹೆಯಾಗಿಯೇ ಉಳಿಯುತ್ತಿತ್ತು. ವಿಜ್ಞಾನದ ಪರೀಕ್ಷೆಯಿಲ್ಲದಿದ್ದರೆ ಊಹೆಯು ಸತ್ಯವೆನಿಸುತ್ತಿರಲಿಲ್ಲ. ಆದುದರಿಂದ ವಿಜ್ಞಾನದ ವಿದ್ಯಾರ್ಥಿಯಿಂದ ಹಾಡನ್ನೂ, ಸಾಹಿತ್ಯದ ವಿದ್ಯಾರ್ಥಿಯಿಂದ ಪ್ರಯೋಗಶಾಲೆಯನ್ನೂ ಕಸಿದುಕೊಳ್ಳದಿರುವುದು ವಿದ್ಯಾಸಂಸ್ಥೆಗಳ ಕರ್ತವ್ಯ. ಕೇಳಲು ಕಲಿತ ಮಗುವಿಗೆ ಮಾತ್ರವೇ ಮೂಕಜೀವಿಗಳು ಮೂಕವಲ್ಲವೆಂಬುದು ತಿಳಿದೀತು.