ಬಿಟ್‌ಕಾಯಿನ್ ನೋಡ್: ಸಂಗ್ರಹ ಮತ್ತು ಸ್ಮೃತಿಯ ಮಿತಿಗಳು

ಬೆಳುಂಕಿ, ಜತ್ತ ಮೊದಲಾದ ಗಡಿಪ್ರದೇಶದ ಕನ್ನಡ ಅಭ್ಯರ್ಥಿಗಳು ಗಣಕಜ್ಞಾನ ವಿಭಾಗಕ್ಕಾಗಿ ಅವಶ್ಯವಾಗಿ ಮನನ ಮಾಡತಕ್ಕ ಅಂಶಗಳಿವು.

1. ನೋಡ್: ವ್ಯವಹಾರಗಳನ್ನೂ ಅವುಗಳ ಕಟ್ಟುಗಳಾದ ಬ್ಲಾಕುಗಳನ್ನೂ ಅನ್ಯರ ಮಾತನ್ನು ನಂಬದೆ ಸ್ವತಃ ಪರಿಶೀಲಿಸುವ ಗಣಕ. ಪ್ರಥಮ ಬ್ಲಾಕ್: 2009 ಜನವರಿ 3.

2. ಪೂರ್ಣ ಸಂಗ್ರಹ: ಸುಮಾರು ಹತ್ತು ನಿಮಿಷಕ್ಕೊಂದರಂತೆ ದಿನಕ್ಕೆ 144 ಬ್ಲಾಕುಗಳು ಸೇರುತ್ತ ಹೋಗುವುದರಿಂದ, 2024ರ ಅಂತ್ಯಕ್ಕೆ ಬ್ಲಾಕುಗಳ ಸರಪಳಿಯ ಗಾತ್ರ 600 ಜಿಬಿಯನ್ನು ಮೀರಿತ್ತು, 500 ಜಿಬಿಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಅದು ಹಿಡಿಯದು.

3. ಪ್ರೂನಿಂಗ್ (2015): ಪರಿಶೀಲನೆ ಮುಗಿದ ಹಳೆಯ ಬ್ಲಾಕುಗಳನ್ನು ಅಳಿಸುವ ಕ್ರಮ. ಬ್ಲಾಕುಗಳಿಗೆ ಕನಿಷ್ಠ ಮಿತಿ 550 ಎಂಬಿ. ಆದರೆ ಇನ್ನೂ ವ್ಯಯವಾಗದ ನಾಣ್ಯಗಳ ಪಟ್ಟಿಗೆ ಪ್ರತ್ಯೇಕವಾಗಿ ಹತ್ತು ಜಿಬಿಗೂ ಮಿಕ್ಕ ಸ್ಥಳ ಬೇಕು.

4. ರ‍್ಯಾಮ್: ದೃಢೀಕರಣಕ್ಕೆ ಕಾದಿರುವ ವ್ಯವಹಾರಗಳ ಮೆಂಪೂಲ್‌ಗೆ ಬಿಟ್‌ಕಾಯಿನ್ ಕೋರ್ ತಂತ್ರಾಂಶ ಇಟ್ಟಿರುವ ಪೂರ್ವನಿಯೋಜಿತ ಮಿತಿ 300 ಎಂಬಿ, ಅವಧಿ 14 ದಿನ. ಮಿತಿ ತುಂಬಿದರೆ ಅಲ್ಪಶುಲ್ಕದ ವ್ಯವಹಾರಗಳು ಮೊದಲು ಹೊರಬೀಳುತ್ತವೆ.

5. ಬ್ಲಾಕಿನ ಮಿತಿ: 2010ರಲ್ಲಿ 1 ಎಂಬಿ, ಸೆಗ್‌ವಿಟ್ ಎಂಬ ನಿಯಮ ಬದಲಾವಣೆ ಜಾರಿಯಾದ 2017 ಆಗಸ್ಟ್‌ನಿಂದ 40 ಲಕ್ಷ ತೂಕಾಂಶ (ವೆಯ್ಟ್ ಯುನಿಟ್).

ಗೊಂದಲದ ಸ್ಥಾನಗಳು: ಪ್ರೂನ್ ಮಾಡಿದ ನೋಡ್ ಅಪೂರ್ಣ ಪರಿಶೀಲಕವೆಂಬುದು ತಪ್ಪು; ಅದು ಆದಿಯಿಂದ ಸಕಲವನ್ನೂ ಪರೀಕ್ಷಿಸಿರುತ್ತದೆ, ಹಳೆಯ ಬ್ಲಾಕುಗಳನ್ನು ಇತರರಿಗೆ ಒದಗಿಸಲು ಮಾತ್ರ ಅಸಮರ್ಥ. ಈ ಭೇದವೇ ಪ್ರಶ್ನೆಯ ತಿರುಳಾಗತಕ್ಕದ್ದೆಂಬುದು ನಮ್ಮ ದೃಢಾಭಿಪ್ರಾಯ. ನೋಡ್ ನಡೆಸುವುದೇ ಮೈನಿಂಗ್ (ಹೊಸ ಬ್ಲಾಕುಗಳ ರಚನೆ) ಅಲ್ಲ. ನೋಡ್ ನಡೆಸಿದವರಿಗೆ ನಾಣ್ಯರೂಪದ ಪ್ರತಿಫಲವಿಲ್ಲ. 2013ರಲ್ಲಿ ಆರಂಭವಾದ ಬೆಂಗಳೂರಿನ ಯುನೊಕಾಯಿನ್‌ನಂಥ ವಿನಿಮಯ ಸಂಸ್ಥೆಯಲ್ಲಿ ಖಾತೆ ತೆರೆದ ಮಾತ್ರಕ್ಕೆ ಗ್ರಾಹಕನ ಮೊಬೈಲು ನೋಡ್ ಆಗದು.